ಮನೆಯಲ್ಲಿ ಕಟ್ಟುವ ಆಡಿಯೊ ಸಾಧನಕ್ಕೆ ಎಡಿಸಿ ಚಿಪ್: ಎಲ್ಲಿ ದುಡ್ಡು ಉಳಿಯುತ್ತದೆ, ಎಲ್ಲಿ ಉಳಿಸಬಾರದು

ಧ್ವನಿಯ ಅನಲಾಗ್ ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ ಚಿಪ್ಪೇ ಎಡಿಸಿ. ಅಗ್ಗದ ಎಡಿಸಿ ಹುಡುಕುವವರ ಕಣ್ಣು ಮೊದಲು ಬೀಳುವುದು ಚಿಪ್‌ನ ಬೆಲೆಯ ಮೇಲೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಚಿಪ್ ತನ್ನ ಸುತ್ತ ಏನೇನು ಬೇಡುತ್ತದೆ? ಒಂದು ಚಿಪ್‌ಗೆ ಸಿಗ್ನಲ್ ದಾರಿಯಲ್ಲಿ ಎರಡು ಕೆಪಾಸಿಟರ್ ಇಟ್ಟರೆ ಮುಗಿಯಿತು. ಇನ್ನೊಂದಕ್ಕೆ ನಾಲ್ಕು ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಸಣ್ಣ ಚಿಪ್), ಪ್ಲಸ್ ಮತ್ತು ಮೈನಸ್ ಎರಡೂ ಬಗೆಯ ಸಪ್ಲೈ, ನಾಲ್ಕು ಪದರದ ಬೋರ್ಡು, ಮೇಲೆ ರಿಜಿಸ್ಟರ್ (ಚಿಪ್ ಒಳಗಿನ ಸೆಟ್ಟಿಂಗ್ ಸಂಖ್ಯೆ) ಬರೆಯಲು ಒಂದು ಮೈಕ್ರೊಕಂಟ್ರೋಲರ್. ಈ ಎರಡನೆಯದು ಪುಕ್ಕಟೆ ಸಿಕ್ಕರೂ ಕೊನೆಗೆ ಮೊದಲನೆಯದಕ್ಕಿಂತ ಹೆಚ್ಚೇ ಖರ್ಚು ತರುತ್ತದೆ. ಆದ್ದರಿಂದ ಇಲ್ಲಿ ಚಿಪ್‌ಗಳ ಬಗ್ಗೆ ಎಷ್ಟು ಹೇಳುತ್ತೇನೋ ಅವುಗಳ ಸುತ್ತಲಿನ ರೆಸಿಸ್ಟರ್, ಸಪ್ಲೈ, ಕ್ಲಾಕ್‌ಗಳ ಬಗ್ಗೆಯೂ ಅಷ್ಟೇ ಹೇಳುತ್ತೇನೆ.

ಬಿಟ್‌ಗಳ ಲೆಕ್ಕ

ಪೆಟ್ಟಿಗೆಯ ಮೇಲೆ, ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆ "24 ಬಿಟ್". ಇದನ್ನು ನಂಬಿ ಚಿಪ್ ಕೊಳ್ಳಬೇಡಿ. ಪರಿಪೂರ್ಣ ಎಡಿಸಿಯೊಂದರ ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅಂತರ ತಿಳಿಯಲು ಬಿಟ್ ಸಂಖ್ಯೆಯನ್ನು 6.02ರಿಂದ ಗುಣಿಸಿ 1.76 ಕೂಡಿಸಬೇಕು. 16 ಬಿಟ್‌ಗೆ 98 ಡಿಬಿ, 24 ಬಿಟ್‌ಗೆ 146 ಡಿಬಿ ಬರುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಕೆಲಸ ಮಾಡುವ ಯಾವ ಆಡಿಯೊ ಎಡಿಸಿಯೂ 146ರ ಹತ್ತಿರ ಸುಳಿಯುವುದಿಲ್ಲ. ಪಿಸಿಎಂ1808 ಚಿಪ್ 24 ಬಿಟ್ ಹೊರಹಾಕುತ್ತದೆ, ಆದರೆ ಅದರ ಡೈನಾಮಿಕ್ ರೇಂಜ್ (ಅತಿ ಜೋರಾದ ಸಿಗ್ನಲ್‌ಗೂ ಗದ್ದಲಕ್ಕೂ ನಡುವಿನ ಅಂತರ) 99 ಡಿಬಿ, ಅಂದರೆ ನಿಜವಾದ ಬಿಟ್ 16ರ ಸ್ವಲ್ಪ ಮೇಲೆ. ಕೆಳಗಿನ ಎಂಟು ಬಿಟ್‌ನಲ್ಲಿ ಬರುವುದು ಬರೀ ಗದ್ದಲ. ಇದು ಚಿಪ್‌ನ ದೋಷವಲ್ಲ. ಡೇಟಾಶೀಟಿನಲ್ಲಿ ಡೈನಾಮಿಕ್ ರೇಂಜ್ ಮತ್ತು ಟಿಎಚ್‌ಡಿ+ಎನ್ (ವಿರೂಪ ಮತ್ತು ಗದ್ದಲದ ಮೊತ್ತ) ಎಂಬ ಎರಡು ಸಾಲು ನೋಡಿ ಆರಿಸಿದರೆ ಈ ಗೊಂದಲವೇ ಬರುವುದಿಲ್ಲ.

ಇನ್ನೂ ದೊಡ್ಡ ಬಲೆ, ಆಡಿಯೊಗೆ ಹುಟ್ಟದ ಚಿಪ್‌ಗಳದ್ದು. ಎಚ್‌ಎಕ್ಸ್711 ಕೂಡ 24 ಬಿಟ್ಟಿನದೇ. ಅದು ತೂಕದ ಯಂತ್ರಕ್ಕೆ ಮಾಡಿದ್ದು, ಸೆಕೆಂಡಿಗೆ 10 ಅಥವಾ 80 ಸ್ಯಾಂಪಲ್ (ಸಿಗ್ನಲಿನ ಅಳತೆ) ಮಾತ್ರ ಕೊಡುತ್ತದೆ. 16 ಬಿಟ್ಟಿನ ಎಡಿಎಸ್1115ರ ಗರಿಷ್ಠ ವೇಗ 860 ಸ್ಯಾಂಪಲ್. ಎಂಸಿಪಿ3008ಕ್ಕೆ ವೇಗವಿದೆ, ಆದರೆ 10 ಬಿಟ್, ಎಲ್ಲ ಸರಿಯಿದ್ದರೂ 62 ಡಿಬಿ ದಾಟದು. ಮೈಕ್ರೊಕಂಟ್ರೋಲರ್ ಒಳಗೇ ಇರುವ 12 ಬಿಟ್ ಎಡಿಸಿ ಸಂಗೀತದ ತಾಳ ಹಿಡಿಯಲು, ದೀಪ ಕುಣಿಸಲು ಸಾಕು, ಧ್ವನಿಮುದ್ರಣಕ್ಕೆ ಸಾಲದು.

ವೇಗ ಮತ್ತು ಬಿಟ್ ಎರಡೂ ಸರಿಯಿರುವ ಸಾಮಾನ್ಯ ಎಡಿಸಿ ಸಿಕ್ಕರೂ ಒಂದು ತೊಡಕು ಉಳಿಯುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ ಸ್ಯಾಂಪಲ್ ಮಾಡುವಾಗ 24 ಕಿಲೋಹರ್ಟ್ಜ್‌ಗಿಂತ ಮೇಲಿನದೆಲ್ಲ ಮಡಚಿಕೊಂಡು ಕೇಳುವ ವ್ಯಾಪ್ತಿಯೊಳಗೆ ಬಂದು ಬೀಳುತ್ತದೆ. ಅದನ್ನು ತಡೆಯಲು 20ರಿಂದ 24 ಕಿಲೋಹರ್ಟ್ಜ್ ನಡುವೆ ಕಡಿದಾಗಿ ಇಳಿಯುವ ಅನಲಾಗ್ ಫಿಲ್ಟರ್ ಕಟ್ಟಬೇಕು, ಅದು ಕಷ್ಟದ ಕೆಲಸ. ಆಡಿಯೊ ಎಡಿಸಿಗಳು ಸಿಗ್ಮಾ–ಡೆಲ್ಟಾ ಜಾತಿಯವು. ಪಿಸಿಎಂ1808 ಒಳಗೆ 64 ಪಟ್ಟು ವೇಗದಲ್ಲಿ, ಅಂದರೆ 48 ಕಿಲೋಹರ್ಟ್ಜ್‌ಗೆ 3.072 ಮೆಗಾಹರ್ಟ್ಜ್‌ನಲ್ಲಿ, ಸ್ಯಾಂಪಲ್ ಮಾಡುತ್ತದೆ. ಕಡಿದಾದ ಫಿಲ್ಟರ್ ಚಿಪ್ ಒಳಗೆ ಡಿಜಿಟಲ್ ರೂಪದಲ್ಲೇ ಇದೆ. ಹೊರಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಕು. ಕೊಡುವ ದುಡ್ಡಿಗೆ ನಿಜವಾಗಿ ಸಿಗುವ ಬೆಲೆ ಈ ಫಿಲ್ಟರಿನದು.

ಎಷ್ಟು ಡಿಬಿ ಬೇಕು?

ಮೂಲದ ಗದ್ದಲಕ್ಕಿಂತ ಎಡಿಸಿಯ ಗದ್ದಲ 15–20 ಡಿಬಿ ಕೆಳಗಿದ್ದರೆ ಎಡಿಸಿ ಕಿವಿಗೆ ಇಲ್ಲದಂತೆಯೇ. ಕ್ಯಾಸೆಟ್‌ನಿಂದ 50ರಿಂದ 60 ಡಿಬಿ ಬರುತ್ತದೆ. ಒಳ್ಳೆಯ ಎಲ್‌ಪಿ ರೆಕಾರ್ಡ್, ಒಳ್ಳೆಯ ಫೋನೊ ಪ್ರಿಆಂಪ್ ಸೇರಿದರೆ 60ರಿಂದ 70. ಇವೆರಡಕ್ಕೂ 99 ಡಿಬಿಯ ಚಿಪ್ ಧಾರಾಳ. ಗರಿಷ್ಠ ಮಟ್ಟವನ್ನು ಪೂರ್ಣ ಪ್ರಮಾಣಕ್ಕಿಂತ (ಎಡಿಸಿ ಕತ್ತರಿಸದೆ ಹಿಡಿಯಬಲ್ಲ ಮಿತಿಗಿಂತ) 12 ಡಿಬಿ ಕೆಳಗಿಟ್ಟು ಮುದ್ರಿಸಿದರೂ 87 ಉಳಿಯುತ್ತದೆ. ಕಂಡೆನ್ಸರ್ ಮೈಕ್ ಇಟ್ಟು ನೇರ ಮುದ್ರಿಸುವಾಗ ಲೆಕ್ಕ ಬಿಗಿಯಾಗುತ್ತದೆ: ಮೈಕಿನ ಸ್ವಂತ ಗದ್ದಲ 15 ಡಿಬಿ, ಎದುರಿನ ವಾದ್ಯದ ಗರಿಷ್ಠ 110 ಡಿಬಿ ಇದ್ದರೆ ಅಂತರ 95. ಇಲ್ಲಿ 110 ಡಿಬಿ ವರ್ಗದ ಚಿಪ್ ಸಮಂಜಸ. ಸ್ವಂತ ಆಂಪ್ಲಿಫೈಯರ್‌ನ ವಿರೂಪ ಅಳೆಯಲು ಎಡಿಸಿ ಬೇಕೆಂದರೆ ಮಾತ್ರ 118–120 ಡಿಬಿಯ ಕಡೆ ನೋಡಬೇಕು. ಅದರ ವಿಚಾರ ಕೊನೆಯಲ್ಲಿ.

ಕೈಗೆಟುಕುವ ಚಿಪ್‌ಗಳು

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ1808 ಈ ಸಾಲಿನಲ್ಲಿ ಮೊದಲನೆಯದು. ಸ್ಟೀರಿಯೊ, 96 ಕಿಲೋಹರ್ಟ್ಜ್‌ವರೆಗೆ, 99 ಡಿಬಿ, 14 ಪಿನ್, ರಿಜಿಸ್ಟರ್ ಗೋಜಿಲ್ಲ, ಮೂರು ಪಿನ್‌ಗಳನ್ನು ಮೇಲೆ (3.3 ವೋಲ್ಟಿಗೆ) ಅಥವಾ ಕೆಳಗೆ (ಗ್ರೌಂಡಿಗೆ) ಕಟ್ಟಿದರೆ ಸೆಟ್ಟಿಂಗ್ ಮುಗಿಯಿತು. ಅದರ ಅಣ್ಣ ಪಿಸಿಎಂ1802: 105 ಡಿಬಿ, 20 ಪಿನ್, ಒಳಬರುವ ಮಟ್ಟ ಅದೇ. ಪಿಸಿಎಂ1802ರ ರೆಡಿ ಬೋರ್ಡು ಕೊಂಡವರಿಗೆ ಒಂದು ಎಚ್ಚರಿಕೆ: ಅದರ ಪಿಡಿಡಬ್ಲ್ಯುಎನ್ ಪಿನ್ ಒಳಗಿನಿಂದಲೇ ಕೆಳಕ್ಕೆ ಎಳೆದುಕೊಂಡಿರುತ್ತದೆ, ಕೆಳಗಿದ್ದರೆ ಚಿಪ್ ನಿದ್ದೆಯಲ್ಲಿರುತ್ತದೆ. ಆ ಪಿನ್ನಿಗೆ 3.3 ವೋಲ್ಟ್ ಕೊಡದಿದ್ದರೆ ಎಲ್ಲ ತಂತಿ ಸರಿಯಿದ್ದರೂ ಬರುವುದು ಸೊನ್ನೆಯೇ.

ಸಿರಸ್ ಲಾಜಿಕ್‌ನ ಸಿಎಸ್5343 ಹತ್ತು ಪಿನ್ನಿನ ಪುಟ್ಟ ಚಿಪ್, 98 ಡಿಬಿ. 3.3 ವೋಲ್ಟ್ ಒಂದರಲ್ಲೇ ಓಡಿಸಬಹುದು. ಪಿನ್ ಅಂತರ 0.5 ಮಿಲಿಮೀಟರ್ ಆದ್ದರಿಂದ ಬೆಸುಗೆಗೆ ಕೈ ಪಳಗಿರಬೇಕು. ಸಿಎಸ್5344 ಅದರದೇ ಜೋಡಿ, ಚಿಪ್‌ಗಳ ನಡುವೆ ಆಡಿಯೊ ಸಾಗಿಸುವ ಡೇಟಾ ವಿನ್ಯಾಸ ಮಾತ್ರ ಬೇರೆ, 5343 ಐ2ಎಸ್ ಕೊಡುತ್ತದೆ, 5344 ಲೆಫ್ಟ್ ಜಸ್ಟಿಫೈಡ್. ಆರ್ಡರ್ ಮಾಡುವಾಗ ಕೊನೆಯ ಅಂಕಿ ಎರಡು ಸಲ ನೋಡಿ. ಮೊದಲು ವುಲ್ಫ್‌ಸನ್ ಮಾಡುತ್ತಿದ್ದ ಡಬ್ಲ್ಯುಎಂ8782 ಸುಮಾರು 100 ಡಿಬಿ, 192 ಕಿಲೋಹರ್ಟ್ಜ್. ಅದರ ಒಳಗೇ ಇನ್ವರ್ಟಿಂಗ್ ಆಪ್‌ಆಂಪ್ ಇದೆ, ಹೊರಗಿನ ರೆಸಿಸ್ಟರ್ ಬದಲಿಸಿ ಮಟ್ಟ ಹೊಂದಿಸಬಹುದು. ಲೈನ್ ಮಟ್ಟ ಬೇರೆ ಬೇರೆ ಇರುವ ಸಾಧನಗಳಿಗೆ ಇದೊಂದು ಅನುಕೂಲ.

ನನ್ನ ಅಭಿಪ್ರಾಯದಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಕೊಡುವುದು ಪಿಸಿಎಂ186ಎಕ್ಸ್ ಕುಟುಂಬ. 1860, 1862, 1864 ಎಂಬ ಸಮ ಸಂಖ್ಯೆಯವು 103 ಡಿಬಿ, 1861, 1863, 1865 ಎಂಬ ಬೆಸ ಸಂಖ್ಯೆಯವು 110 ಡಿಬಿ. 1860 ಮತ್ತು 1861ನ್ನು ಪಿನ್‌ಗಳಿಂದಲೇ ಹೊಂದಿಸಬಹುದು, ಉಳಿದವಕ್ಕೆ ಐ2ಸಿ ಅಥವಾ ಎಸ್‌ಪಿಐ (ಮೈಕ್ರೊಕಂಟ್ರೋಲರಿನಿಂದ ಸೆಟ್ಟಿಂಗ್ ಕಳಿಸುವ ತಂತಿ ಸಂಪರ್ಕ) ಬೇಕು. 1864, 1865 ನಾಲ್ಕು ಚಾನೆಲ್‌ನವು. ಒಂದೇ 3.3 ವೋಲ್ಟ್ ಸಪ್ಲೈ, 2.1 ವೋಲ್ಟ್ ಆರ್‌ಎಂಎಸ್ (ಎಸಿ ವೋಲ್ಟೇಜಿನ ಪರಿಣಾಮಕಾರಿ ಅಳತೆ) ನೇರ ಒಳಗೆ ತೆಗೆದುಕೊಳ್ಳುವ ಶಕ್ತಿ, ಒಳಗೇ ಗೇನ್, ಒಳಗೇ ಪಿಎಲ್‌ಎಲ್ (ಒಂದು ಕ್ಲಾಕಿನಿಂದ ಬೇರೆ ವೇಗದ ಕ್ಲಾಕ್ ಹುಟ್ಟಿಸುವ ಭಾಗ). ಅಂದರೆ ಅಟೆನ್ಯುಯೇಟರ್, ಪ್ರಿಆಂಪ್, ಆಸಿಲೇಟರ್ ಮೂರರ ಖರ್ಚೂ ಕಡಿಮೆಯಾಗುತ್ತದೆ. 30 ಪಿನ್, 0.5 ಮಿಲಿಮೀಟರ್ ಅಂತರ ಎಂಬುದೊಂದೇ ಅಡ್ಡಿ.

ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಧ್ವನಿ ಹೋಗುವುದಷ್ಟೇ ಗುರಿಯಾದರೆ ಪಿಸಿಎಂ2902 ನೋಡಿ. 16 ಬಿಟ್, 48 ಕಿಲೋಹರ್ಟ್ಜ್, ಎಡಿಸಿ ಭಾಗ 89 ಡಿಬಿ, 12 ಮೆಗಾಹರ್ಟ್ಜ್ ಕ್ರಿಸ್ಟಲ್ ಒಂದು ಇಟ್ಟರೆ ಡ್ರೈವರ್ ಇಲ್ಲದೆ ಓಡುತ್ತದೆ. ಕ್ಯಾಸೆಟ್ ಸಂಗ್ರಹ ಡಿಜಿಟಲ್ ಮಾಡಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಕಾಣೆ.

ಪಿಸಿಎಂ1808: ಒಳಬರುವ ಸಿಗ್ನಲ್

ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ ಆದ್ದರಿಂದ ಇದರ ವಿವರ ಪೂರ್ತಿ ಕೊಡುತ್ತೇನೆ. ಇದರ ಪೂರ್ಣ ಪ್ರಮಾಣ ಸಪ್ಲೈಯ 0.6 ಪಟ್ಟು. 5 ವೋಲ್ಟ್ ಕೊಟ್ಟರೆ ಶಿಖರದಿಂದ ಶಿಖರಕ್ಕೆ 3 ವೋಲ್ಟ್, ಅಂದರೆ 1.06 ವೋಲ್ಟ್ ಆರ್‌ಎಂಎಸ್. ಸಿಡಿ ಪ್ಲೇಯರ್‌ನಂಥ ಸಾಧನಗಳು ಗರಿಷ್ಠ 2 ವೋಲ್ಟ್ ಆರ್‌ಎಂಎಸ್ ಕೊಡುತ್ತವೆ. ನೇರ ಜೋಡಿಸಿದರೆ ಜೋರಾದ ಭಾಗವೆಲ್ಲ ಕತ್ತರಿಸಿಹೋಗುತ್ತದೆ. ಚಿಪ್ ಕೆಟ್ಟಿದೆ, ಧ್ವನಿ ಒಡೆಯುತ್ತದೆ ಎಂಬ ದೂರುಗಳ ಹಿಂದೆ ಬಹುಪಾಲು ಇರುವುದು ಇದೇ ಕಾರಣ.

ಪ್ರತಿ ಚಾನೆಲ್‌ಗೆ ಸಾಲಿನಲ್ಲಿ 4.7 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ ಇನ್ನೊಂದು 4.7 ಕಿಲೋಓಮ್ ಹಾಕಿ. ಚಿಪ್‌ನ ಸ್ವಂತ ಒಳರೋಧ ಸುಮಾರು 60 ಕಿಲೋಓಮ್ ಸೇರಿಸಿ ಲೆಕ್ಕ ಹಾಕಿದರೆ 2 ವೋಲ್ಟ್ ಇಳಿದು 0.96 ವೋಲ್ಟ್ ಆಗುತ್ತದೆ, ಪೂರ್ಣ ಪ್ರಮಾಣಕ್ಕಿಂತ 0.8 ಡಿಬಿಯಷ್ಟು ಕೆಳಗೆ. ಗ್ರೌಂಡಿನ ರೆಸಿಸ್ಟರ್ ಬಿಟ್ಟು ಚಿಪ್‌ನ 60 ಕಿಲೋಓಮನ್ನೇ ನೆಚ್ಚಿ ಸಾಲಿನಲ್ಲಿ ದೊಡ್ಡದೊಂದು ಇಡುವ ಉಪಾಯ ಬೇಡ. ಚಿಪ್ ಒಳಗಿನ ರೆಸಿಸ್ಟರುಗಳ ಬೆಲೆ ಒಂದರಿಂದ ಇನ್ನೊಂದು ಚಿಪ್‌ಗೆ ಸಾಕಷ್ಟು ಬದಲಾಗುತ್ತದೆ, ನಿಮ್ಮ ಮಟ್ಟವೂ ಅದರ ಜೊತೆ ಅಲೆಯುತ್ತದೆ. ರೆಸಿಸ್ಟರ್ ಮೆಟಲ್ ಫಿಲ್ಮ್, 1 ಶೇಕಡಾ ಇರಲಿ, ಎಡ–ಬಲದ ಸಮತೋಲ ಅದರ ಮೇಲೆ ನಿಂತಿದೆ.

ನಡುಬಿಂದುವಿನಿಂದ ಗ್ರೌಂಡಿಗೆ 470 ಪಿಕೊಫ್ಯಾರಡ್. ಇದರ ಮಿತಿ 150 ಕಿಲೋಹರ್ಟ್ಜ್ ಆಸುಪಾಸು, 20 ಕಿಲೋಹರ್ಟ್ಜ್‌ನಲ್ಲಿ ನಷ್ಟ ಒಂದು ಡಿಬಿಯ ಹತ್ತನೇ ಒಂದಕ್ಕಿಂತಲೂ ಕಡಿಮೆ. ಈ ಕೆಪಾಸಿಟರ್ ಸಿ0ಜಿ ಜಾತಿಯ ಸೆರಾಮಿಕ್ ಅಥವಾ ಫಿಲ್ಮ್ ಆಗಿರಲೇಬೇಕು. ಎಕ್ಸ್7ಆರ್ ಸೆರಾಮಿಕ್‌ನ ಧಾರಣೆ ಅದರ ಮೇಲಿನ ವೋಲ್ಟೇಜಿನ ಜೊತೆ ಬದಲಾಗುತ್ತದೆ, ಸಿಗ್ನಲ್ ದಾರಿಯಲ್ಲಿ ಅದು ನೇರ ವಿರೂಪವಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಚಿಪ್‌ಗೆ ಹೋಗುವ ದಾರಿಯಲ್ಲಿ 1 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್, ಪ್ಲಸ್ ಕಾಲು ಚಿಪ್ ಕಡೆಗೆ, ಯಾಕೆಂದರೆ ಚಿಪ್‌ನ ಒಳತುದಿ ಸಪ್ಲೈಯ ಅರ್ಧ ವೋಲ್ಟೇಜಿನಲ್ಲಿ ಕುಳಿತಿರುತ್ತದೆ. 1 ಮೈಕ್ರೊಫ್ಯಾರಡ್ ಮತ್ತು 60 ಕಿಲೋಓಮ್ ಸೇರಿ 2.7 ಹರ್ಟ್ಜ್ ಮಿತಿ ಕೊಡುತ್ತವೆ. ಕೆಳಗಿನ ಸ್ವರ ಇನ್ನೂ ಬರಲಿ ಎಂದು 47 ಮೈಕ್ರೊಫ್ಯಾರಡ್ ಹಾಕುವವರಿದ್ದಾರೆ. ಅದರಿಂದ ಸಿಗುವ ಲಾಭ ಇಲ್ಲ, ಆನ್ ಮಾಡಿದಾಗ ಮಟ್ಟ ನೆಲೆಗೊಳ್ಳಲು ಹಲವು ಸೆಕೆಂಡು ಹಿಡಿಯುತ್ತದೆ ಅಷ್ಟೇ.

ಗಿಟಾರ್ ಪಿಕಪ್‌ಗೆ ಈ ಎರಡು ರೆಸಿಸ್ಟರಿನ ಡಿವೈಡರ್ ನಡೆಯದು. ಸುಮಾರು 9 ಕಿಲೋಓಮ್ ಭಾರ ಬಿದ್ದರೆ ತಾರಸ್ಥಾಯಿಯೆಲ್ಲ ಸತ್ತುಹೋಗುತ್ತದೆ. 1 ಮೆಗಾಓಮ್ ಬಯಾಸ್ ರೆಸಿಸ್ಟರ್ ಇಟ್ಟ ಆಪ್‌ಆಂಪ್ ಬಫರ್ ಬೇಕು. ಕೈಗೆ ಸಿಗುವ ಟಿಎಲ್072ನ್ನು 5 ವೋಲ್ಟ್‌ಗೆ ಜೋಡಿಸಬೇಡಿ, ಅಷ್ಟು ಕಡಿಮೆ ಸಪ್ಲೈಯಲ್ಲಿ ಅದಕ್ಕೆ ಆಡಲು ಜಾಗವೇ ಇಲ್ಲ. ಎಂಸಿಪಿ6022 ಒಳಗೂ ಹೊರಗೂ ಸಪ್ಲೈಯ ಅಂಚಿನವರೆಗೆ ಹೋಗುತ್ತದೆ, 5 ವೋಲ್ಟ್‌ನಲ್ಲಿ ಚೆನ್ನಾಗಿ ಓಡುತ್ತದೆ, ಎಂಟು ಕಾಲಿನ ದೊಡ್ಡ ಪ್ಯಾಕೇಜಿನಲ್ಲೂ ಸಿಗುತ್ತದೆ. ಬಫರ್‌ಗೆ 9 ಅಥವಾ 12 ವೋಲ್ಟ್ ಬೇರೆ ಕೊಡುವುದಾದರೆ ಎಡಿಸಿ ಪಿನ್ನಿನಲ್ಲಿ ವೋಲ್ಟೇಜ್ ಸಪ್ಲೈಗಿಂತ 0.3 ವೋಲ್ಟ್‌ಗೂ ಮೇಲೆ ಹೋಗದಂತೆ 1 ಕಿಲೋಓಮ್ ಸರಣಿ ರೆಸಿಸ್ಟರ್ ಮತ್ತು ಎರಡು ಶಾಟ್‌ಕಿ ಡಯೋಡ್ ಇಡಿ.

ಸಪ್ಲೈ

ಈ ಚಿಪ್‌ಗೆ ಅನಲಾಗ್ ಭಾಗಕ್ಕೆ 5 ವೋಲ್ಟ್, ಡಿಜಿಟಲ್ ಭಾಗಕ್ಕೆ 3.3 ವೋಲ್ಟ್. 48 ಕಿಲೋಹರ್ಟ್ಜ್‌ನಲ್ಲಿ 5 ವೋಲ್ಟಿನಿಂದ 9 ಮಿಲಿಆಂಪ್, 3.3ರಿಂದ 6 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಪ್ರತಿ ಸಪ್ಲೈ ಪಿನ್ನಿನ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಸೆರಾಮಿಕ್, ಜೊತೆಗೆ 10 ಮೈಕ್ರೊಫ್ಯಾರಡ್. ವಿರೆಫ್ (ಸಿಗ್ನಲನ್ನು ಅಳೆಯಲು ಹೋಲಿಸುವ ರೆಫರೆನ್ಸ್ ವೋಲ್ಟೇಜ್) ಪಿನ್ನಿಗೂ ಅದೇ ಜೋಡಿ.

ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಈ ಚಿಪ್‌ನ ರೆಫರೆನ್ಸ್ ಬೇರೆಲ್ಲಿಂದಲೋ ಬರುವುದಿಲ್ಲ, 5 ವೋಲ್ಟ್ ಸಪ್ಲೈಯನ್ನೇ ಭಾಗಿಸಿ ತೆಗೆದದ್ದು. ಸಪ್ಲೈ ಅಲುಗಿದರೆ ಪೂರ್ಣ ಪ್ರಮಾಣವೇ ಅಲುಗುತ್ತದೆ. ಅಂದರೆ ಸಪ್ಲೈಯ ಗದ್ದಲ ಸಿಗ್ನಲ್‌ಗೆ ಕೂಡಿಕೊಳ್ಳುವುದರ ಜೊತೆಗೆ ಸಿಗ್ನಲನ್ನು ಗುಣಿಸುತ್ತದೆ ಕೂಡ. ಒಳತುದಿಯನ್ನು ಗ್ರೌಂಡಿಗೆ ಕಟ್ಟಿ ಗದ್ದಲ ಅಳೆದರೆ ಎಲ್ಲ ಸ್ವಚ್ಛ ಕಾಣುತ್ತದೆ, ಸಂಗೀತ ಹಾಕಿದಾಗ ಮಾತ್ರ ಮಂಕು. ಗುಣಿಸಲು ಸಿಗ್ನಲ್ ಇದ್ದಾಗಲೇ ಈ ದೋಷ ಕಾಣಿಸಿಕೊಳ್ಳುವುದು.

ಯುಎಸ್‌ಬಿಯ 5 ವೋಲ್ಟ್ ನೇರ ಕೊಟ್ಟರೆ 1 ಕಿಲೋಹರ್ಟ್ಜ್ ಕೀಚು ಧ್ವನಿ ಕೇಳಿಸಬಹುದು. ಫುಲ್ ಸ್ಪೀಡ್ ಯುಎಸ್‌ಬಿ ಪ್ರತಿ ಮಿಲಿಸೆಕೆಂಡಿಗೊಮ್ಮೆ ಉಸಿರಾಡುತ್ತದೆ, ಹೈ ಸ್ಪೀಡ್ ಆದರೆ 125 ಮೈಕ್ರೊಸೆಕೆಂಡಿಗೊಮ್ಮೆ, ಆಗ ಕೀಚು 8 ಕಿಲೋಹರ್ಟ್ಜ್‌ನಲ್ಲಿ. ಕಡಿಮೆ ಖರ್ಚಿನ ಮದ್ದು: 10 ಓಮ್ ರೆಸಿಸ್ಟರ್, ಅದರ ನಂತರ ಕಡಿಮೆ ಇಎಸ್‌ಆರ್ (ಒಳಗಿನ ಸರಣಿ ರೋಧ) ಇರುವ 470 ಮೈಕ್ರೊಫ್ಯಾರಡ್. 34 ಹರ್ಟ್ಜ್ ಮಿತಿ, 1 ಕಿಲೋಹರ್ಟ್ಜ್‌ನಲ್ಲಿ 29 ಡಿಬಿ ತಗ್ಗುತ್ತದೆ, ರೆಸಿಸ್ಟರಿನಲ್ಲಿ ಕಳೆಯುವುದು 0.09 ವೋಲ್ಟ್ ಮಾತ್ರ. ಚಿಪ್ 4.5 ವೋಲ್ಟ್‌ವರೆಗೆ ಓಡುವುದರಿಂದ ಅಡ್ಡಿಯಿಲ್ಲ. ಇದಕ್ಕಿಂತ ಉತ್ತಮ ಬೇಕಾದರೆ 9 ವೋಲ್ಟ್ ಅಡಾಪ್ಟರಿನಿಂದ 78ಎಲ್05 ಮೂಲಕ ಪ್ರತ್ಯೇಕ 5 ವೋಲ್ಟ್ ತೆಗೆಯಿರಿ. 3.3ಕ್ಕೆ ಮೈಕ್ರೊಕಂಟ್ರೋಲರ್ ಬೋರ್ಡಿನದೇ ಸಾಕು.

ಅನಲಾಗ್ ಮತ್ತು ಡಿಜಿಟಲ್ ಗ್ರೌಂಡನ್ನು ದೂರದಲ್ಲೆಲ್ಲೋ ಒಂದೆಡೆ ಸೇರಿಸುವ ಹಳೆಯ ಪದ್ಧತಿ ಸಣ್ಣ ಬೋರ್ಡಿನಲ್ಲಿ ಉಪಕಾರಕ್ಕಿಂತ ಕೇಡನ್ನೇ ಮಾಡುತ್ತದೆ. ಚಿಪ್‌ನ ಕೆಳಗೆ ಒಂದೇ ಅಖಂಡ ಗ್ರೌಂಡ್ ಇರಲಿ, ಎರಡೂ ಪಿನ್ ಅಲ್ಲೇ ಸೇರಲಿ, ಡಿಜಿಟಲ್ ತಂತಿಗಳು ಒಂದು ಬದಿಗೆ, ಅನಲಾಗ್ ಇನ್ನೊಂದು ಬದಿಗೆ ಹೋಗಲಿ.

ಕ್ಲಾಕ್

ಹೊಸಬರು ಸೋಲುವುದು ಇಲ್ಲೇ. ಅಂಕಿಯನ್ನು ಮತ್ತೆ ಧ್ವನಿ ಸಿಗ್ನಲ್ ಮಾಡುವ ಡ್ಯಾಕ್ ಬೋರ್ಡುಗಳಿಗೆ ಮೂರು ತಂತಿ ಸಾಕು ಎಂಬ ಅಭ್ಯಾಸದಿಂದ ಎಡಿಸಿಗೂ ಬಿಸಿಕೆ (ಬಿಟ್ ಕ್ಲಾಕ್), ಎಲ್‌ಆರ್‌ಸಿಕೆ (ಎಡ–ಬಲ ಚಾನೆಲ್ ಗುರುತಿಸುವ, ಸ್ಯಾಂಪಲ್ ವೇಗದ ಕ್ಲಾಕ್), ಡೇಟಾ ಮೂರೇ ಜೋಡಿಸುತ್ತಾರೆ. ಪಿಸಿಎಂ1808ಕ್ಕೆ ನಾಲ್ಕನೆಯದು, ಎಸ್‌ಸಿಕೆಐ ಎಂಬ ಮುಖ್ಯ ಕ್ಲಾಕ್, ಕಡ್ಡಾಯ. ಸ್ಯಾಂಪಲ್ ವೇಗದ 256, 384 ಅಥವಾ 512 ಪಟ್ಟು ಇರಬೇಕು ಮತ್ತು ಎಲ್‌ಆರ್‌ಸಿಕೆಯ ಮೂಲದಿಂದಲೇ ಹುಟ್ಟಿರಬೇಕು. ಮೈಕ್ರೊಕಂಟ್ರೋಲರಿನಿಂದ ಎಲ್‌ಆರ್‌ಸಿಕೆ, ಬೇರೆ ಆಸಿಲೇಟರಿನಿಂದ ಮುಖ್ಯ ಕ್ಲಾಕ್ ಕೊಟ್ಟರೆ ಎರಡೂ ನಿಧಾನವಾಗಿ ಜಾರುತ್ತವೆ. ಜಾರಿದಾಗಲೆಲ್ಲ ಚಿಪ್ ಧ್ವನಿ ನಿಲ್ಲಿಸಿ ಮತ್ತೆ ಹೊಂದಿಕೊಳ್ಳುತ್ತದೆ, ಕೇಳುವವರಿಗೆ ಆಗಾಗ ಟಿಕ್ ಎಂಬ ಸದ್ದು.

ನಾನು ಶಿಫಾರಸು ಮಾಡುವುದು ಚಿಪ್ಪನ್ನೇ ಮಾಸ್ಟರ್ ಮಾಡುವುದು. 24.576 ಮೆಗಾಹರ್ಟ್ಜ್ ಆಸಿಲೇಟರ್ ಒಂದನ್ನು ಎಸ್‌ಸಿಕೆಐಗೆ ಕೊಡಿ. ಸೆಟ್ಟಿಂಗ್ ಪಿನ್‌ಗಳಲ್ಲಿ ಎಂಡಿ0 ಮೇಲೆ, ಎಂಡಿ1 ಕೆಳಗೆ ಇಟ್ಟರೆ 512ರಿಂದ ಭಾಗಿಸಿ 48 ಕಿಲೋಹರ್ಟ್ಜ್ ಬರುತ್ತದೆ. ಎರಡನ್ನೂ ಮೇಲಿಟ್ಟರೆ 256ರಿಂದ ಭಾಗಿಸಿ 96. ಒಂದು ಜಂಪರ್, ಎರಡು ವೇಗ. 44.1 ಬೇಕಾದರೆ 22.5792 ಮೆಗಾಹರ್ಟ್ಜ್ ಆಸಿಲೇಟರ್. ಬಿಸಿಕೆ, ಎಲ್‌ಆರ್‌ಸಿಕೆಯನ್ನು ಚಿಪ್ಪೇ ಕೊಡುತ್ತದೆ, ಇನ್ನೊಂದು ಬದಿಯ ಬೋರ್ಡು ಸ್ಲೇವ್ ಆಗಿ ಕೇಳಿಸಿಕೊಳ್ಳುತ್ತದೆ. ಈ ಆಸಿಲೇಟರಿನ ಖರ್ಚನ್ನು ಉಳಿಸಬೇಡಿ, ಮೈಕ್ರೊಕಂಟ್ರೋಲರ್ ಭಾಗಿಸಿ ಹುಟ್ಟಿಸುವ ಕ್ಲಾಕಿಗಿಂತ ಇದು ಎಷ್ಟೋ ಸ್ಥಿರ.

ರಾಸ್‌ಬೆರಿ ಪೈಯ ಐ2ಎಸ್‌ನಲ್ಲಿ ಮುಖ್ಯ ಕ್ಲಾಕ್ ಹೊರಬರುವುದೇ ಇಲ್ಲ, ಆದ್ದರಿಂದ ಅಲ್ಲಿ ಈ ಮಾಸ್ಟರ್ ದಾರಿಯೇ ಸರಿ. ಬಿಸಿಕೆ ಜಿಪಿಐಒ18ಕ್ಕೆ, ಎಲ್‌ಆರ್‌ಸಿಕೆ 19ಕ್ಕೆ, ಡೇಟಾ 20ಕ್ಕೆ. ಡಿವೈಸ್ ಟ್ರೀಯಲ್ಲಿ (ಯಂತ್ರಾಂಶದ ವಿವರವನ್ನು ಲಿನಕ್ಸ್‌ಗೆ ತಿಳಿಸುವ ಕಡತದಲ್ಲಿ) ಎರಡೂ ಕ್ಲಾಕಿನ ಒಡೆಯ ಕೋಡೆಕ್ (ಇಲ್ಲಿ ಎಡಿಸಿ ಚಿಪ್) ಎಂದು ಬರೆಯಬೇಕು. ಅದನ್ನು ಬಿಟ್ಟರೆ ಪೈ ಮತ್ತು ಚಿಪ್ ಎರಡೂ ಒಂದೇ ತಂತಿಯನ್ನು ಓಡಿಸಲು ಹೋಗಿ ಜಗಳಕ್ಕೆ ಬೀಳುತ್ತವೆ. ಒಳಗೇ ಪಿಎಲ್‌ಎಲ್ ಇರುವ ಪಿಸಿಎಂ1863 ಪೈಗೆ ಇನ್ನೂ ಸಲೀಸು, ಅದಕ್ಕೆ ಲಿನಕ್ಸ್ ಕರ್ನಲ್ಲಿನಲ್ಲೇ ಡ್ರೈವರ್ ಇದೆ.

ಟೀನ್ಸಿ 4.0, 4.1 ಮೈಕ್ರೊಕಂಟ್ರೋಲರ್ ಬೋರ್ಡುಗಳಲ್ಲಿ ಮುಖ್ಯ ಕ್ಲಾಕ್ 23ನೇ ಪಿನ್ನಿನಲ್ಲಿ, ಬಿಸಿಕೆ 21, ಎಲ್‌ಆರ್‌ಸಿಕೆ 20, ಒಳಬರುವ ಡೇಟಾ 8. ಇಲ್ಲಿ ಚಿಪ್ಪನ್ನು ಸ್ಲೇವ್ ಇಟ್ಟರೂ ಚೆನ್ನಾಗಿ ನಡೆಯುತ್ತದೆ. ಮೊದಲ ತಲೆಮಾರಿನ ಇಎಸ್‌ಪಿ32ರಲ್ಲಿ ಮುಖ್ಯ ಕ್ಲಾಕ್ ಜಿಪಿಐಒ 0, 1, 3ರಲ್ಲಿ ಮಾತ್ರ ಸಿಗುತ್ತದೆ. 1 ಮತ್ತು 3 ಸೀರಿಯಲ್ ಪೋರ್ಟಿನವು. 0ನ್ನು ಆನ್ ಆಗುವ ಹೊತ್ತಿನಲ್ಲಿ ಯಾವುದಾದರೂ ಕೆಳಗೆಳೆದರೆ ಪ್ರೋಗ್ರಾಂ ಶುರುವಾಗುವುದಿಲ್ಲ. ಎಪಿಎಲ್‌ಎಲ್ (ಆಡಿಯೊ ಕ್ಲಾಕಿಗೆಂದೇ ಇರುವ ಪಿಎಲ್‌ಎಲ್) ಆಯ್ಕೆ ಆನ್ ಮಾಡಿ, ಇಲ್ಲವಾದರೆ ಭಿನ್ನಾಂಕದಿಂದ ಭಾಗಿಸಿದ ಅಲುಗಾಡುವ ಕ್ಲಾಕ್ ಸಿಗುತ್ತದೆ. ಇಎಸ್‌ಪಿ32–ಎಸ್3ರಲ್ಲಿ ಎಪಿಎಲ್‌ಎಲ್ ಇಲ್ಲ, ಅಲ್ಲಿ ಮತ್ತೆ ಆಸಿಲೇಟರೇ ಗತಿ.

ತಂತಿಗಳು 10 ಸೆಂಟಿಮೀಟರ್ ಒಳಗಿರಲಿ, ಪ್ರತಿ ಕ್ಲಾಕ್ ಹೊರಡುವ ಜಾಗದಲ್ಲಿ 33 ಓಮ್ ಸರಣಿ ರೆಸಿಸ್ಟರ್ ಇರಲಿ. ಉದ್ದ ಜಂಪರ್ ತಂತಿಯಲ್ಲಿ ಕ್ಲಾಕಿನ ಅಂಚು ಪುಟಿದು ಒಂದು ಏಟು ಎರಡಾಗಿ ಎಣಿಕೆಯಾಗುತ್ತದೆ, ಡೇಟಾ ಪೂರ್ತಿ ಕಲಸುಮೇಲೋಗರ.

ಏನು ಕೇಳಿಸಿದರೆ ಏನು ತಪ್ಪು

ಬರೀ ಸೊನ್ನೆ ಬಂದರೆ ಮುಖ್ಯ ಕ್ಲಾಕ್ ತಲುಪುತ್ತಿಲ್ಲ. ಕಡಿಮೆ ಧ್ವನಿ ಸರಿ, ಜೋರಾದೊಡನೆ ಭೀಕರವಾಗಿ ಒಡೆಯುತ್ತದೆ ಎಂದಾದರೆ, ಮಟ್ಟ ಹೆಚ್ಚಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, ಐ2ಎಸ್ ಮತ್ತು ಲೆಫ್ಟ್ ಜಸ್ಟಿಫೈಡ್ ಅದಲುಬದಲಾಗಿದೆಯೇ ನೋಡಿ. ಒಂದು ಬಿಟ್ ಜಾರಿದರೆ ಸಂಖ್ಯೆ ಇಮ್ಮಡಿಯಾಗಿ ಮೇಲಿನ ಅಂಚು ದಾಟಿ ಸುತ್ತಿಬರುತ್ತದೆ. ಎಫ್‌ಎಂಟಿ ಪಿನ್ ಕೆಳಗಿದ್ದರೆ ಐ2ಎಸ್, ಮೇಲಿದ್ದರೆ ಲೆಫ್ಟ್ ಜಸ್ಟಿಫೈಡ್. ಎಫ್‌ಎಂಟಿ, ಎಂಡಿ0, ಎಂಡಿ1 ಮೂರಕ್ಕೂ ಚಿಪ್ ಒಳಗೇ ಕೆಳಗೆಳೆಯುವ ರೆಸಿಸ್ಟರ್ ಇದೆ, ಸುಮ್ಮನೆ ಬಿಟ್ಟರೆ ಸ್ಲೇವ್ ಮತ್ತು ಐ2ಎಸ್ ಎಂದು ಅರ್ಥ.

ಕಸದಂಥ ಸದ್ದಷ್ಟೇ ಬಂದರೆ ಬಿಸಿಕೆ ಎಣಿಸಿ. ಈ ಚಿಪ್‌ಗೆ ಒಂದು ಫ್ರೇಮಿಗೆ 64 ಬಿಸಿಕೆ ಬೇಕು. 384 ಪಟ್ಟು ಕ್ಲಾಕ್ ಕೊಟ್ಟ ಸ್ಲೇವ್ ಸ್ಥಿತಿಯಲ್ಲಿ 48 ಕೂಡ ಒಪ್ಪುತ್ತದೆ. 32 ಒಪ್ಪುವುದಿಲ್ಲ. ಮೈಕ್ರೊಕಂಟ್ರೋಲರ್ ಲೈಬ್ರರಿಯಲ್ಲಿ 16 ಬಿಟ್ ಎಂದು ಹಾಕಿದರೆ ಹಲವು ಬೋರ್ಡುಗಳು 32 ಬಿಸಿಕೆಯನ್ನೇ ಕಳಿಸುತ್ತವೆ. 32 ಬಿಟ್ ಸ್ಲಾಟ್ ಹಾಕಿ, ಬಂದ ಸಂಖ್ಯೆಯನ್ನು ಚಿಹ್ನೆ ಉಳಿಸಿಕೊಂಡು 8 ಬಿಟ್ ಬಲಕ್ಕೆ ಜಾರಿಸಿ. ಚಿಹ್ನೆ ಕಳೆದುಕೊಂಡರೆ ಸೊನ್ನೆಯ ಕೆಳಗಿನ ಅಲೆಯೆಲ್ಲ ಮೇಲಕ್ಕೆ ಹಾರುತ್ತದೆ.

50 ಅಥವಾ 60 ಹರ್ಟ್ಜ್ ಗುಂಯ್‌ಗುಡುವಿಕೆ ಎಡಿಸಿಯ ತಪ್ಪಲ್ಲ, ಗ್ರೌಂಡ್ ಲೂಪ್ (ಸಾಧನಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿದ ಸುತ್ತು). ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ನಿಂತರೆ ಅದೇ ಎಂದು ತಿಳಿಯಿರಿ, ಆಡಿಯೊ ಟ್ರಾನ್ಸ್‌ಫಾರ್ಮರ್ ಅಥವಾ ಯುಎಸ್‌ಬಿ ಐಸೊಲೇಟರ್ ಇಡಿ.

ಕೊಳ್ಳುವಾಗ

ಚಿಪ್‌ಗಿಂತ ಅಂಚೆ ವೆಚ್ಚ ದೊಡ್ಡದಾಗುವ ವ್ಯಾಪಾರ ಇದು. ಒಂದು ಚಿಪ್ಪಿನ ಬದಲು ಮೂರು, ಜೊತೆಗೆ ಆಸಿಲೇಟರ್, ಅಡಾಪ್ಟರ್ ಬೋರ್ಡು, ಸಿ0ಜಿ ಕೆಪಾಸಿಟರ್ ಎಲ್ಲ ಒಂದೇ ಆರ್ಡರಿನಲ್ಲಿ ತರಿಸಿ. ಬೆಸುಗೆಯಲ್ಲಿ ಒಂದು ಹಾಳಾಗುವ ಲೆಕ್ಕವನ್ನು ಮೊದಲೇ ಇಟ್ಟುಕೊಳ್ಳಿ. ಪಿಸಿಎಂ1808ಪಿಡಬ್ಲ್ಯು ಮತ್ತು ಪಿಸಿಎಂ1808ಪಿಡಬ್ಲ್ಯುಆರ್ ಒಂದೇ ಚಿಪ್: ಕೊನೆಯ ಆರ್ ಎಂದರೆ ಸುರುಳಿಯಲ್ಲಿ ಬರುವುದು, ಕತ್ತರಿಸಿದ ಟೇಪಿನಲ್ಲಿ ಬಿಡಿಯಾಗಿಯೂ ಕೊಡುತ್ತಾರೆ. ಒಂದು ಹೆಸರಿನಲ್ಲಿ ಸ್ಟಾಕ್ ಇಲ್ಲವಾದರೆ ಇನ್ನೊಂದನ್ನು ಹುಡುಕಿ. ಹೊಸ ವಿನ್ಯಾಸಕ್ಕೆ ಶಿಫಾರಸಿಲ್ಲ ಎಂಬ ಗುರುತಿರುವ ಚಿಪ್ ಒಂದೇ ಸಾಧನಕ್ಕೆ ಸಾಕು, ಅದನ್ನು ನಂಬಿ ಹಲವರಿಗೆ ಬೋರ್ಡು ಮಾಡಿಸಬೇಡಿ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿರುವ ಅಸಾಹಿ ಕಸೈ ಮೈಕ್ರೊಡಿವೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಕೆಎಂ ಚಿಪ್‌ಗಳು ಜಗತ್ತಿನಾದ್ಯಂತ ಮಾಯವಾಗಿ ಎಷ್ಟೋ ಕಂಪನಿಗಳು ತಮ್ಮ ಸಾಧನಗಳ ವಿನ್ಯಾಸವನ್ನೇ ಬದಲಿಸಬೇಕಾಯಿತು.

0.65 ಮಿಲಿಮೀಟರ್ ಅಂತರದ ಪಿಸಿಎಂ1808ನ್ನು ಸಾಮಾನ್ಯ ಬೆಸುಗೆ ಕಡ್ಡಿಯಲ್ಲೇ ಕೂರಿಸಬಹುದು. ಎರಡು ಮೂಲೆಯ ಪಿನ್ ಹಿಡಿಸಿ, ಧಾರಾಳ ಫ್ಲಕ್ಸ್ ಬಳಿದು, ತುದಿಯಲ್ಲಿ ಸ್ವಲ್ಪ ಸೀಸ ಹಿಡಿದು ಸಾಲಿಗೆ ಎಳೆಯಿರಿ. ಸೇತುವೆಯಾದ ಕಡೆ ತಾಮ್ರದ ಹೆಣಿಗೆ ಪಟ್ಟಿ ಒತ್ತಿ ಹೀರಿಸಿ. ಕಾಲಿಲ್ಲದ ಕ್ಯೂಎಫ್‌ಎನ್ ಪ್ಯಾಕೇಜ್ ಬಿಸಿಗಾಳಿ ಇಲ್ಲದವರಿಗೆ ಬೇಡ.

ರೆಡಿ ಬೋರ್ಡುಗಳಲ್ಲಿ ಮೇಲೆ ಅಚ್ಚಾದ ಹೆಸರಿಗೂ ಒಳಗಿನ ಚಿಪ್‌ಗೂ ಸಂಬಂಧವಿಲ್ಲದವು ಇರುತ್ತವೆ. ಬಂದೊಡನೆ ಪರೀಕ್ಷಿಸಿ. ಒಳತುದಿ ಎರಡನ್ನೂ ಗ್ರೌಂಡಿಗೆ ಕಟ್ಟಿ ಒಂದು ನಿಮಿಷ ಮುದ್ರಿಸಿ. ಒಟ್ಟು ಗದ್ದಲ ಪೂರ್ಣ ಪ್ರಮಾಣದಿಂದ 95 ಡಿಬಿ ಆಸುಪಾಸು ಕೆಳಗಿರಬೇಕು, ಎ–ತೂಕ (ಕಿವಿಯ ಸಂವೇದನೆಗೆ ತಕ್ಕ ಹೊಂದಿಕೆ) ಹಾಕಿದರೆ 99ರ ಹತ್ತಿರ. 65,536 ಬಿಂದುವಿನ ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ) ನೋಟದಲ್ಲಿ ಗದ್ದಲದ ಗೆರೆ ಮೈನಸ್ 140 ಡಿಬಿಯ ಬಳಿ ಕಾಣುತ್ತದೆ. ಗದ್ದಲ ಅಷ್ಟೊಂದು ಕಿಂಡಿಗಳಲ್ಲಿ ಹಂಚಿಹೋಗಿ ಪ್ರತಿಯೊಂದೂ 45 ಡಿಬಿ ತಗ್ಗಿ ಕಾಣುವುದೇ ಕಾರಣ, ಚಿಪ್ ಅದ್ಭುತವಾದದ್ದೆಂದು ಹಿಗ್ಗಬೇಡಿ. ಕೆಳಗಿನ ಎಂಟು ಬಿಟ್ ಯಾವಾಗಲೂ ಸೊನ್ನೆಯಾಗಿದ್ದರೆ ಒಳಗಿರುವುದು 16 ಬಿಟ್ ಚಿಪ್.

ಆಮೇಲೆ ಶುದ್ಧ 1 ಕಿಲೋಹರ್ಟ್ಜ್ ಸ್ವರವನ್ನು ಪೂರ್ಣ ಪ್ರಮಾಣಕ್ಕಿಂತ 1 ಡಿಬಿ ಕೆಳಗೆ ಕೊಟ್ಟು ನೋಡಿ. 2 ಮತ್ತು 3 ಕಿಲೋಹರ್ಟ್ಜ್‌ನಲ್ಲಿ ಕಾಣುವ ಕಂಬಗಳು ವಿರೂಪ, ಅದರಲ್ಲಿ ಸ್ವರ ಕೊಟ್ಟ ಸಾಧನದ ಪಾಲೂ ಇರುತ್ತದೆ. 1 ಕಿಲೋಹರ್ಟ್ಜ್‌ನ ಎರಡೂ ಬದಿಗೆ 100 ಹರ್ಟ್ಜ್ ದೂರದಲ್ಲಿ ಜೋಡಿ ಕಂಬ ಕಂಡರೆ ಸಪ್ಲೈಯ ಏರಿಳಿತ ರೆಫರೆನ್ಸಿಗೆ ತಲುಪುತ್ತಿದೆ ಎಂದರ್ಥ. 60 ಹರ್ಟ್ಜ್ ವಿದ್ಯುತ್ತಿನಲ್ಲಿ ಆ ದೂರ 120. ಆಗ ಮುಟ್ಟಬೇಕಾದ್ದು 5 ವೋಲ್ಟ್ ದಾರಿಯನ್ನು.

ಆಂಪ್ಲಿಫೈಯರ್ ಅಳೆಯುವವರಿಗೆ ಇದಾವುದೂ ಸಾಲದು. ಪಿಸಿಎಂ1808ರ ಸ್ವಂತ ಟಿಎಚ್‌ಡಿ+ಎನ್ ಮೈನಸ್ 93 ಡಿಬಿ. ಅದಕ್ಕಿಂತ ಶುದ್ಧವಾದ ಆಂಪ್ಲಿಫೈಯರನ್ನು ಅಳೆದರೆ ಕಾಣುವುದು ಎಡಿಸಿಯ ವಿರೂಪವೇ. 120 ಡಿಬಿಯ ಸಿಎಸ್5381, 118 ಡಿಬಿಯ ಪಿಸಿಎಂ4202 ಬೇಕಾಗುತ್ತವೆ. ಇವೆರಡಕ್ಕೂ ಸಮತೋಲಿತ ಒಳತುದಿ, ಅದನ್ನು ಓಡಿಸಲು ಕಡಿಮೆ ಗದ್ದಲದ ಆಪ್‌ಆಂಪ್‌ಗಳು, ಒಳತುದಿಯ ಎರಡು ಪಿನ್ ನಡುವೆ 2.7 ನ್ಯಾನೊಫ್ಯಾರಡ್ ಸುತ್ತಮುತ್ತಲಿನ ಸಿ0ಜಿ ಕೆಪಾಸಿಟರ್ ಬೇಕು. ಆಪ್‌ಆಂಪ್‌ಗಳಿಗೆ ಪ್ಲಸ್–ಮೈನಸ್ ಸಪ್ಲೈ, ಬೋರ್ಡಿಗೆ ನಾಲ್ಕು ಪದರ. ಈ ಮಟ್ಟದ ಹಳೆಯ ಸ್ಟುಡಿಯೊ ಸೌಂಡ್ ಕಾರ್ಡು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದನ್ನೇ ಕೊಳ್ಳಿ, ಅದರ ಮುಂದೆ ಮಟ್ಟ ತಗ್ಗಿಸುವ ಡಿವೈಡರ್ ಮತ್ತು ರಕ್ಷಣೆಯ ಡಯೋಡುಗಳ ಪೆಟ್ಟಿಗೆಯನ್ನು ಮಾತ್ರ ನೀವು ಕಟ್ಟಿ.